ರೆಕಾರ್ಡಿನ ಮೇಲೆ ನನ್ನ ಹೆಸರು

ಆ ಹಾಡು ನಾನು ಕಟ್ಟಿದ್ದಲ್ಲ. ನನ್ನ ಓರಗಿತ್ತಿ ಜಯಮ್ಮ ಕಟ್ಟಿದ್ದು. ನಾನು ಕದ್ದೆ — ಇದಕ್ಕಿಂತ ಮೆತ್ತನೆಯ ಮಾತು ಹುಡುಕಿದೆ, ಸಿಗಲಿಲ್ಲ.

ತುರ್ತು ಪರಿಸ್ಥಿತಿ ಮುಗಿದ ಮಾರನೆಯ ವರ್ಷ ಕುಣಿಗಲ್ಲಿನಲ್ಲಿ ನಮ್ಮ ನಾದಿನಿಯ ಮದುವೆ. ಹೆಣ್ಣಿನ ಕಡೆಯ ಹೆಂಗಸರು ಗಂಡನ್ನು ಆಡಿಕೊಂಡು ಹಾಡುವುದು ನಮ್ಮಲ್ಲಿ ವಾಡಿಕೆ. ನಿಂತ ನಿಲುವಿನಲ್ಲೇ ಕಟ್ಟಿ ಹಾಡಬೇಕು. ಆ ಗಂಡೋ, ಜೇಬಿನಲ್ಲಿ ಬಾಚಣಿಗೆ ಇಟ್ಟುಕೊಂಡೇ ಹಸೆಮಣೆ ಹತ್ತಿದವನು. ಆರತಿ ಎತ್ತಿದರೆ ಅದರ ನೀರಿನಲ್ಲೇ ಮುಖ ನೋಡಿಕೊಂಡು ಕ್ರಾಪು ತಿದ್ದಿಕೊಂಡ. ಜಯಮ್ಮ ಒಲೆಯ ಹತ್ತಿರ ಬಂದು ನನ್ನ ಕಿವಿಯಲ್ಲಿ ಹಾಡಿದಳು:

ಆರತಿ ನೀರಲ್ಲಿ ಮೋರೆಯ ಕಂಡ,
ತನ್ನ ಕೊರಳಿಗೆ ತಾನೇ ಹಾರ ಹಾಕ್ಕೊಂಡ.

ಹೀಗೇ ಎಂಟು ಸಾಲು. ಇಬ್ಬರೂ ಸೆರಗು ಕಚ್ಚಿಕೊಂಡು ನಕ್ಕೆವು. ಅಳಿಯ ಮುನಿಸಿಕೊಂಡಾನು ಎಂದು ಹೊರಗೆ ಹಾಡಲಿಲ್ಲ. ಕೇಳಿದವಳು ನಾನೊಬ್ಬಳೇ.

ನನ್ನ ತಮ್ಮ ರಾಜ ತುಮಕೂರಿನಲ್ಲಿ ಮೂವರು ಗೆಳೆಯರ ಜೊತೆ ಬ್ಯಾಂಡ್ ಕಟ್ಟಿದ್ದ — ಗಿಟಾರು, ಡ್ರಮ್ಮು, ಕಿವಿ ಮುಚ್ಚುವಷ್ಟು ಕೂದಲು. ಗುಬ್ಬಿಯ ನಮ್ಮ ಕೂಡುಮನೆಗೆ ಬಂದಿದ್ದಾಗ, ಜಯಮ್ಮ ಇಲ್ಲದ ಹೊತ್ತಿನಲ್ಲಿ, ಬಡಿಸುತ್ತ ಬಡಿಸುತ್ತ ಈ ಹಾಡು ಗುನುಗಿದೆ. ಅವನ ತುತ್ತು ಕೈಯಲ್ಲೇ ನಿಂತಿತು.

"ಯಾರಕ್ಕ ಕಟ್ಟಿದ್ದು?"

"ನಾನೇ ಕಣೋ."

ಯಾಕೆ ಹಾಗೆಂದೆ? ಅವನ ಮುಖದಲ್ಲಿ ಮೆಚ್ಚುಗೆ ಕಂಡಿತು. ಅದು ನನಗೆ ಬೇಕಾಯಿತು. ಅಷ್ಟೇ.

ಅವನು ಹಾಡಿನಿಂದ ಮದುವೆಗಂಡನ್ನು ತೆಗೆದು, ಗೋಡೆಯ ಮೇಲಿನ ತನ್ನ ಪೋಸ್ಟರಿಗೆ ತಾನೇ ಕೈಮುಗಿಯುವ ಹಾಡುಗಾರನನ್ನು ತಂದಿಟ್ಟ. ಧಾಟಿ ಇಂಗ್ಲಿಷಿನದು. ಮೊದಲೆರಡು ಸಾಲು ಮಾತ್ರ ಹಾಗೇ ಉಳಿದವು. ಬೆಂಗಳೂರಿಗೆ ಹೋಗಿ ಚಿಕ್ಕ ರೆಕಾರ್ಡು ಮಾಡಿಸಿದರು. ಅದರ ಮೇಲೆ ಸಾಹಿತ್ಯ ಎಂದು ನನ್ನ ಹೆಸರು. ಮೂರನೇ ಕ್ಲಾಸು ಓದಿದವಳು, ಅಚ್ಚಾದ ನನ್ನ ಹೆಸರನ್ನು ಎಷ್ಟು ಸಲ ಓದಿಕೊಂಡೆನೋ.

ರಾಜ ಯಾರದೋ ರೆಕಾರ್ಡ್ ಪ್ಲೇಯರ್ ತಂದು ಗುಬ್ಬಿಯ ಮನೆಯಲ್ಲಿ ಹಾಕಿದ. ಅಕ್ಕಪಕ್ಕದವರೆಲ್ಲ ಬಂದಿದ್ದರು. ಜಯಮ್ಮ ಮುದ್ದೆ ತೊಳಸುವ ಕೋಲು ಹಿಡಿದೇ ಅಡುಗೆಮನೆಯಿಂದ ಓಡಿ ಬಂದಳು. ಅವಳಿಗೆ ಸಿಟ್ಟಿರಲಿಲ್ಲ — ಖುಷಿ.

"ಅಯ್ಯೋ, ನನ್ ಹಾಡು! ಅಕ್ಕ, ಒಲೆ ತಾವ ನಿನ್ ಕಿವೀಲಿ ಹಾಡಿದ್ನಲ್ಲ, ಅದೇ ಅಲ್ವಾ?"

ಎಲ್ಲರೂ ನನ್ನ ಕಡೆ ತಿರುಗಿದರು. ಹೂಂ ಎಂದಿದ್ದರೆ ಸಾಕಿತ್ತು.

"ನಿಂಗೆ ಅ ಆ ಬರಿಯಕ್ ಬರಲ್ಲ, ನೀನು ಹಾಡು ಕಟ್ಟಿದ್ಯಾ? ಹೋಗು, ಮುದ್ದೆ ಸೀದೋಗ್ತದೆ."

ಮನೆಯೆಲ್ಲ ನಕ್ಕಿತು. ನಮ್ಮತ್ತೆ ಕೈ ತಟ್ಟಿದರು. "ನೋಡ್ರೇ, ತನ್ನ ಕೊರಳಿಗೆ ತಾನೇ ಹಾರ ಹಾಕ್ಕೊಂಡ್ಳು!"

ಅವಳ ಸಾಲಿನಿಂದಲೇ ಅವಳಿಗೆ ಹೊಡೆದರು. ನಾನೂ ನಕ್ಕೆ. ಜಯಮ್ಮ ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು. ಆ ಹೊತ್ತಿನ ಮುದ್ದೆ ಸೀದಿರಲಿಲ್ಲ, ಗಂಟೂ ಇರಲಿಲ್ಲ. ಎಂದಿನಂತೆ ನನಗೇ ಮೊದಲು ಬಡಿಸಿದಳು.

ಆಮೇಲೆ ಅವಳು ಹಾಡಲಿಲ್ಲ. ರಾಗಿ ಬೀಸುವಾಗಲೂ ಇಲ್ಲ, ತೊಟ್ಟಿಲ ಮುಂದೆಯೂ ಇಲ್ಲ.

ಹತ್ತು ವರ್ಷದ ಮೇಲೆ ನನ್ನ ಮಗಳ ಮದುವೆ. ಗಂಡಿನ ಕಡೆಯವರು ನಮ್ಮನ್ನು ಆಡಿಕೊಂಡು ಹಾಡಿದರು. ತಿರುಗಿ ಕೊಡಬೇಕಿತ್ತು. ಮೊದಲೆಲ್ಲ ಮದುವೆಗಳಲ್ಲಿ ಹಾಡುತ್ತಿದ್ದವಳೆಂದು ಹೆಂಗಸರು ಜಯಮ್ಮನ ಕೈ ಹಿಡಿದೆಳೆದರು.

"ನಂಗೆಲ್ಲಿ ಬತ್ತದೆ? ಅಕ್ಕ ಕಟ್ತಾರೆ, ಕೇಳಿ," ಎಂದಳು. ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಬಾಯಿ ತೆರೆದೆ. ಒಂದು ಸಾಲೂ ಬರಲಿಲ್ಲ. ಗಂಟಲು ಕಟ್ಟಿದೆ ಎಂದು ಸುಳ್ಳು ಹೇಳಿದೆ. ನಮ್ಮ ಕಡೆಯವರೆಲ್ಲ ತೆಪ್ಪಗೆ ಕೂತರು.

ಮೊನ್ನೆ ರಾಜನಿಗೆ ನಿಜ ಹೇಳಿದೆ. ಅವನ ತಲೆಯೆಲ್ಲ ಬೆಳ್ಳಗಾಗಿದೆ. "ಈಗ್ಯಾಕೆ ಬುಡಕ್ಕ," ಎಂದ. ಬಿಡುವುದಕ್ಕೆ ಅದು ನನ್ನದಲ್ಲವಲ್ಲ —

ಜಯಮ್ಮ ಈಗ ಹುತ್ರಿದುರ್ಗದಲ್ಲಿ ಮಗಳ ಮನೆಯಲ್ಲಿದ್ದಾಳೆ. ಅವಳಿಗೆ ಇಂದಿಗೂ ಓದು ಬಾರದು. ಇಷ್ಟನ್ನೂ ಬರೆದ ಈ ಹಾಳೆ ತೆಗೆದುಕೊಂಡು ನಾನೇ ಹೋಗುತ್ತೇನೆ. ಮಗಳು, ಅಳಿಯ, ಮೊಮ್ಮಕ್ಕಳು, ಪಕ್ಕದ ಮನೆಯವರು ಎಲ್ಲರನ್ನೂ ಜಗಲಿಗೆ ಕರೆಸಿ, ಅವರ ಮುಂದೆ ಗಟ್ಟಿಯಾಗಿ ಓದುತ್ತೇನೆ. ಅವಳು ಎದ್ದು ಒಳಗೆ ಹೋದರೆ ಹೋಗಲಿ. ನಾನು ಕೊನೆಯವರೆಗೂ ಓದುತ್ತೇನೆ.