ತಟ್ಟೆಯಲ್ಲಿ ಮೂಡಿದ ಹವಳ

ಎಂಬತ್ತರ ದಶಕದ ಆರಂಭದಲ್ಲಿ ನನಗೆ ಹವಳದ ಹುಚ್ಚು ಹಿಡಿದಿತ್ತು. ಮಳೆಗಾಲ ಕಳೆದು ಕಡಲು ತಿಳಿಯಾದಾಗ ಕಾಪುವಿನ ಲೈಟ್‌ಹೌಸ್ ಬಂಡೆಗಳ ನಡುವೆ ಸೊಂಟಮಟ್ಟದ ನೀರಿನಲ್ಲಿ ನಿಂತು, ಮೀನು ಸಾಕುವ ಗಾಜಿನ ತೊಟ್ಟಿಯನ್ನು ಅರ್ಧ ಮುಳುಗಿಸಿ, ಅದರೊಳಗೆ ಕ್ಯಾಮೆರಾ ಇಟ್ಟು ಫೋಟೊ ತೆಗೆಯುತ್ತಿದ್ದೆ. ಚಿಕ್ಕದು ದೊಡ್ಡದಾಗಿ ಕಾಣಲೆಂದು ಲೆನ್ಸನ್ನು ಹಿಂದುಮುಂದಾಗಿ ಸಿಕ್ಕಿಸಿದ್ದೆ. ಅಲೆ ಬಂದರೆ ಎಲ್ಲವೂ ಮಸುಕು, ಸಿಟ್ಟು ನೆತ್ತಿಗೇರುತ್ತಿತ್ತು.

ಫಿಲ್ಮ್ ತೊಳೆದುಕೊಟ್ಟವರು ಉಡುಪಿಯಲ್ಲಿ ಸ್ಟುಡಿಯೊ ಇಟ್ಟಿದ್ದ ಮದುವೆ ಫೋಟೊಗ್ರಾಫರ್. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ವಧೂವರರ ಮೊಡವೆ ಮಾಯ ಮಾಡುವುದರಲ್ಲಿ ಅವರದು ಎತ್ತಿದ ಕೈ. ನನ್ನ ನೆಗೆಟಿವನ್ನು ಬೆಳಕಿಗೆ ಹಿಡಿದು, "ಯಾರ ಮುಖ ಮಾರಾಯ್ರೆ ಇದು? ಸಿಡುಬಿನ ಕಲೆ ತುಂಬ ಉಂಟಲ್ಲ. ತೆಗೆಯಬೇಕಾ?" ಎಂದು ಪೆನ್ಸಿಲ್ ಚೂಪು ಮಾಡತೊಡಗಿದರು.

"ಮುಟ್ಟಬೇಡಿ. ಅದು ಕಾಪುವಿನ ಹವಳ," ಎಂದೆ. "ಬರೀ ಉಗುರಿನಷ್ಟು ಜಾಗ."

ಅವರು ನಂಬಲಿಲ್ಲ. ದೊಡ್ಡ ಕಾಗದಕ್ಕೆ ಪ್ರಿಂಟ್ ಹಾಕಿ, ಡಾರ್ಕ್‌ರೂಮಿನ ಕೆಂಪು ಬೆಳಕಿನಲ್ಲಿ ಚಿತ್ರ ಮೂಡಿಸುವ ಡೆವಲಪರ್ ದ್ರಾವಣದ ತಟ್ಟೆಗೆ ಇಳಿಸಿದರು. ದ್ರಾವಣದ ಅಡಿಯಲ್ಲಿ ಬಿಳಿ ಕಾಗದದ ಮೇಲೆ ಒಂದೊಂದೇ ಕುಳಿ ಮೂಡಿತು; ಪ್ರತಿ ಕುಳಿಯೊಳಗೂ ನಕ್ಷತ್ರದಂತೆ ಚಾಚಿದ ಎಳೆಗಳು. ಕಡಲಲ್ಲಿ ಕಂಡದ್ದು ಮತ್ತೆ ನೀರಿನೊಳಗಿಂದಲೇ ಎದ್ದು ಬಂದಂತಿತ್ತು. ಇಬ್ಬರೂ ಬಗ್ಗಿ ನೋಡುತ್ತಲೇ ಇದ್ದೆವು.

ಎಂದೂ ಒಂದು ಕಾಗದವನ್ನೂ ಹಾಳು ಮಾಡದ ಆ ಮನುಷ್ಯ ಇಕ್ಕುಳವನ್ನು ಕೈಯಲ್ಲೇ ಹಿಡಿದುಕೊಂಡು, ಪ್ರಿಂಟನ್ನು ಎತ್ತುವುದನ್ನು ಮರೆತರು. ಹೊತ್ತು ಮೀರಿ ದ್ರಾವಣದಲ್ಲೇ ಉಳಿದ ಚಿತ್ರ ನಮ್ಮ ಕಣ್ಣೆದುರೇ ಪೂರ್ತಿ ಕಪ್ಪಾಯಿತು.

"ಇನ್ನೊಮ್ಮೆ ನೋಡುವ," ಎಂದು ಅವರು ಹೊಸ ಕಾಗದ ತೆಗೆದರು.