ಗುರುವಾರದ ಸುತ್ತು

ನೆದರ್ಲೆಂಡಿನ ನಮ್ಮ ಕಡೆ ಟೊಮೆಟೊ ಬೆಳೆಗಾರರು ಪ್ರತಿ ಗುರುವಾರ ಎಲ್ಲರೂ ಸೇರಿ, ಸರದಿಯಂತೆ ಒಬ್ಬೊಬ್ಬರ ಗಾಜಿನಮನೆಗೆ ಹೋಗುತ್ತಾರೆ; ಇದಕ್ಕೆ ಸುತ್ತು ಎನ್ನುತ್ತಾರೆ. ಗಿಡ ಮುಟ್ಟಿ ನೋಡಿ, ತಪ್ಪಿದ್ದರೆ ಮುಖದ ಮೇಲೆಯೇ ಹೇಳುತ್ತಾರೆ. ನಾನು ಕೆಲಸಕ್ಕಿದ್ದ ತೋಟದ ಒಡತಿ ಕೊರಾ, ತನ್ನ ಅಪ್ಪನ ಕಾಲದಿಂದಲೂ ಈ ಪದ್ಧತಿಯನ್ನು ನಂಬಿದವಳು.

ಮೇ ತಿಂಗಳಲ್ಲಿ ಅವಳ ಹಣ್ಣುಗಳ ಮೇಲೆ ಕಂದು ಸುಕ್ಕು ಕಾಣಿಸಿತು. ಕೈಯಿಂದ, ಬಟ್ಟೆಯಿಂದ ಹರಡುವ ವೈರಸ್ ಅದು. ಔಷಧವಿಲ್ಲ, ಬೆಳೆಯನ್ನೆಲ್ಲ ಕೀಳಲೇಬೇಕು.

ಪಕ್ಕದ ತೋಟದ ಲೇಂಡರ್ಟ್, ಬಣ್ಣ ಹೊಡೆಸುತ್ತಿದ್ದೇನೆಂದು ಎರಡು ತಿಂಗಳಿಂದ ತನ್ನಲ್ಲಿಗೆ ಯಾರನ್ನೂ ಬಿಟ್ಟಿರಲಿಲ್ಲ; ಆದರೆ ತಾನು ಮಾತ್ರ ಸುತ್ತಿಗೆ ತಪ್ಪದೆ ಬರುತ್ತಿದ್ದ. ಕೊರಾ ನೇರ ಅವನ ಬಾಗಿಲಿಗೆ ಹೋದಳು.

"ನಿನ್ನ ಗಿಡಕ್ಕೆ ಮೊದಲೇ ಬಂದಿತ್ತೇನೋ?"

"ಬಾಯಿ ಬಿಟ್ಟಿದ್ರೆ ನನ್ನ ಹಣ್ಣು ಯಾರು ತಗೋತಿದ್ರು, ಕೊರಾ?"

"ಹಾಗಾದ್ರೆ ಮನೇಲೇ ಬಿದ್ದಿರ್ಬೇಕಿತ್ತು! ನನ್ನ ಗಿಡ ಯಾಕೆ ಮುಟ್ಟಿದೆ?"

"ಬರದೇ ಇದ್ರೆ ಎಲ್ರಿಗೂ ಅನುಮಾನ ಬರ್ತಿತ್ತಲ್ಲ."

ಉಳಿದವರ ತೋಟಗಳಾದರೂ ಉಳಿಯಲೆಂದು ಅವಳು ಅಪ್ಪನ ಗೆಳೆಯ, ಹಿರಿಯ ಬೆಳೆಗಾರ ಕ್ರೈನ್‌ಗೆ ಫೋನ್ ಮಾಡಿದಳು.

"ಮಾವ, ಈ ವಾರ ಯಾರೂ ಬರ್ಬೇಡಿ. ನನ್ನಲ್ಲಿ ರೋಗ ಬಂದಿದೆ."

"ಅಯ್ಯೋ, ಲೇಂಡರ್ಟನ ರೋಗ ನಿನ್ನಲ್ಲಿಗೂ ಬಂತಾ ಮಗಳೇ?"

"ನಿಮಗೆ ಗೊತ್ತಿತ್ತಾ?"

"ಗುಮಾನಿ ಇತ್ತು. ಬರ್ಬೇಡ ಅಂತ ಅವನಿಗೆ ಯಾರು ಹೇಳ್ತಾರೆ? ಅದಕ್ಕೇ ಅವನು ನಮ್ಮ ತೋಟಗಳಿಗೆ ಕಾಲಿಡದ ಹಾಗೆ ಸುತ್ತು ನಿನ್ನಲ್ಲೇ ಇಟ್ಕೋತಿದ್ವಿ."

ಕೊರಾ ಫೋನ್ ಕೆಳಗಿಟ್ಟಳು. ವಾರವಾರವೂ ಎಲ್ಲರೂ ತನ್ನಲ್ಲಿಗೇ ಬರುವುದು ತನ್ನ ಬೆಳೆಯ ಚೆಂದಕ್ಕೆಂದು ಅವಳು ಹಿಗ್ಗಿದ್ದಳು. ಅವರಿಗಾಗಿ ಕೇಕ್ ಕೂಡ ಮಾಡಿಡುತ್ತಿದ್ದಳು.