ಹಾಡು ಬಿಟ್ಟಿದ್ದ ನಟಿಗೆ ಜೋಗುಳ ಕಲಿಸಿದ್ದು

ಆಗ ನಾನು ಟೋಕಿಯೋದ ಓಜಿಮಾ ಬಡಾವಣೆಯ ಇಂಡಿಯನ್ ಅಂಗಡಿಯೊಂದರಲ್ಲಿ ಮಧ್ಯಾಹ್ನದ ಹೊತ್ತು ಕೆಲಸ ಮಾಡುತ್ತಿದ್ದೆ. ಒಂದು ದಿನ ಟೀವಿ ಧಾರಾವಾಹಿ ತಯಾರಿಸುವ ಕಂಪನಿಯ ಹುಡುಗಿಯೊಬ್ಬಳು ಬಂದು, ತೊಗರಿಬೇಳೆ ಚೀಲಗಳ ಮುಂದೆ ನಿಂತು ಬಾಗಿ ವಂದಿಸಿ, "ಸುಮಿಮಾಸೆನ್, ಕ್ಷಮಿಸಿ, ಇಂಡಿಯಾದ ಭಾಷೆ ಹೇಳಿಕೊಡೋರು ಇಲ್ಲಿ ಯಾರಾದ್ರೂ ಸಿಗ್ತಾರಾ?" ಎಂದು ಕೇಳಿದಳು.

"ಇಂಡಿಯಾದ ಭಾಷೆ ಅಂತ ಒಂದೇ ಇಲ್ಲ. ನಿಮಗೆ ಯಾವುದು ಬೇಕು?" ಎಂದೆ.

ಅವಳು ಸ್ಕ್ರಿಪ್ಟ್ ತಿರುವಿ ನೋಡಿದಳು. ಟೋಕಿಯೋದ ಅಜ್ಜಿಯೊಬ್ಬಳು ಪಕ್ಕದ ಮನೆಯ ಇಂಡಿಯನ್ ಮಗುವನ್ನು ಎರಡು ದಿನ ನೋಡಿಕೊಳ್ಳುವ ಕತೆ ಅದು. ಮಗುವಿನ ತಾಯಿ ಹೆರಿಗೆಗೆ ಆಸ್ಪತ್ರೆ ಸೇರಿದ್ದಾಳೆ. ಸಂಸಾರ ಬೆಂಗಳೂರಿನದು.

"ಹಾಗಿದ್ರೆ ಕನ್ನಡ," ಎಂದೆ.

ಹುಡುಗಿ ಗಾಬರಿಯಾದಳು. ಜಪಾನೀಯರು ಕೆನಡಾ ದೇಶವನ್ನು 'ಕನಡಾ' ಎನ್ನುತ್ತಾರೆ. "ಅಲ್ಲ ಅಲ್ಲ, ನಮಗೆ ಇಂಡಿಯಾದ್ದೇ ಬೇಕು," ಎಂದಳು. ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಕಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಗಂಡನಿಗೆ ಹೇಳಿದಾಗ ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತಿದರು. "ನೀನಾ? ಟೀವಿಗಾ? ನಮ್ಮ ಮಗಳೇ ನಿನ್ನ ಹತ್ರ ಕನ್ನಡ ಕಲೀತಿಲ್ವಲ್ಲೇ!" ಎಂದು ನಕ್ಕರು. ಅದು ಸುಳ್ಳೇನಲ್ಲ. ಮೂರನೇ ಕ್ಲಾಸಿನ ಮಗಳು ನಾನು ಹೇಳಿದ್ದೆಲ್ಲ ತಿಳಿದುಕೊಳ್ಳುತ್ತಿದ್ದಳು, ಉತ್ತರ ಮಾತ್ರ ಜಪಾನಿಯಲ್ಲಿ.

ಅಜ್ಜಿಯ ಪಾತ್ರದ ನಟಿ ನಮ್ಮ ಮನೆಗೇ ಬಂದರು. ಕಾರಿಲ್ಲ, ಸಹಾಯಕರು ಯಾರೂ ಇಲ್ಲ. ಸಬ್‌ವೇಯಲ್ಲಿ ಒಬ್ಬರೇ ಬಂದಿದ್ದರು. ಮುಖಕ್ಕೆ ಮಾಸ್ಕ್, ಹುಬ್ಬಿನವರೆಗೆ ಟೋಪಿ, ಕೈಯಲ್ಲಿ ಸಿಹಿ ತಿಂಡಿಯ ಡಬ್ಬ. ಅರವತ್ತು ದಾಟಿದ ಸಣ್ಣ ಮೈಕಟ್ಟಿನ ಹೆಂಗಸು. ಬಾಗಿಲಲ್ಲೇ ಬಾಗಿ, "ಸೆನ್ಸೇ, ದಯವಿಟ್ಟು ಕಲಿಸಿ," ಎಂದರು. ಸೆನ್ಸೇ ಎಂದರೆ ಗುರು. ನನ್ನನ್ನು ಅದುವರೆಗೆ ಯಾರೂ ಹಾಗೆ ಕರೆದಿರಲಿಲ್ಲ. ಅವರು ಯಾರೆಂದು ನನಗೂ ಗೊತ್ತಿರಲಿಲ್ಲ. ಟೀವಿಯಲ್ಲಿ ಆಗೀಗ ಯಾರದೋ ತಾಯಿಯಾಗಿ, ಹೆಡ್ ನರ್ಸ್ ಆಗಿ ಕಂಡ ಮುಖ, ಅಷ್ಟೆ.

ಗೊತ್ತಿದ್ದದ್ದು ಪಕ್ಕದ ಮನೆಯಾಕೆಗೆ. ಆಕೆಯೂ ನಟಿಯ ವಯಸ್ಸಿನವರೇ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಲಿಫ್ಟಿನಲ್ಲಿ ನಟಿಯ ಕಣ್ಣು ನೋಡಿಯೇ ಗುರುತು ಹಿಡಿದು, ಅವರು ಹೊರಟ ಮೇಲೆ ನಮ್ಮ ಬಾಗಿಲು ತಟ್ಟಿದರು.

"ಒಕುಸಾನ್, ನಿಮ್ಮ ಮನೆಗೆ ಬಂದಿದ್ದೋರು ಯಾರು ಗೊತ್ತಾ?" ನನ್ನನ್ನು ಅವರು ಕರೆಯುತ್ತಿದ್ದುದು ಹಾಗೆಯೇ, ಮನೆಯೊಡತಿ ಎಂಬ ಅರ್ಥದಲ್ಲಿ. "ಹೈಸ್ಕೂಲಲ್ಲಿ ನಾವೆಲ್ಲ ಅವರ ಥರಾನೇ ಕೂದಲು ಕತ್ತರಿಸ್ಕೊಂಡಿದ್ವಿ! ನಮ್ಮಮ್ಮ ನನಗೆ ಬೈದಿದ್ದು ಈಗಲೂ ನೆನಪಿದೆ."

ಅವರಿಂದ ಒಂದಿಷ್ಟು, ಮುಂದೆ ನಟಿಯ ಬಾಯಿಂದ ಒಂದಿಷ್ಟು ಕೇಳಿ ನನಗೆ ಆ ಬದುಕು ಗೊತ್ತಾಯಿತು.

ನಟಿ ದಕ್ಷಿಣದ ಒಂದು ಬಂದರೂರಿನ ಕ್ಷೌರಿಕನ ಮಗಳು. ಅಪ್ಪನ ಅಂಗಡಿಯ ರೇಡಿಯೋ ಜೊತೆ ಹಾಡುತ್ತ ಬೆಳೆದವರು. ಸ್ಪರ್ಧೆಯೊಂದರಲ್ಲಿ ಗೆದ್ದು, ಶಾಲೆ ಮುಗಿಯುವ ಮೊದಲೇ ಟೋಕಿಯೋಗೆ ಬಂದು, ಗಾಯಕರನ್ನು ಬೆಳೆಸುವ ಕಂಪನಿಯೊಂದರ ಯಜಮಾನರ ಮನೆಯ ಮಹಡಿಯಲ್ಲಿ ಇನ್ನೂ ಕೆಲವು ಹುಡುಗಿಯರ ಜೊತೆ ಇದ್ದರು. ಮೊದಲ ರೆಕಾರ್ಡು ಯಾರಿಗೂ ಬೇಡವಾಯಿತು. ಡಿಪಾರ್ಟ್‌ಮೆಂಟ್ ಸ್ಟೋರಿನ ತಾರಸಿಯಲ್ಲಿ, ಆಟಿಕೆ ಕುದುರೆಗಳ ಪಕ್ಕ, ಐಸ್‌ಕ್ರೀಂ ತಿನ್ನುವ ಮಕ್ಕಳ ಮುಂದೆ ಹಾಡಿದರು. ಆಮೇಲೆ ಸಮುದ್ರತೀರದ ಒಂದು ಪ್ರೇಮಗೀತೆ ಬಂತು. ಆ ಬೇಸಿಗೆ ಇಡೀ ದೇಶ ಅದನ್ನೇ ಗುನುಗಿತಂತೆ. ಅದರಲ್ಲಿ ದನಿ ಮೇಲೇರುವ ಒಂದು ಸಾಲಿಗೆ ಜನ ಉಸಿರು ಬಿಗಿಹಿಡಿದು ಕಾಯುತ್ತಿದ್ದರಂತೆ.

"ಆ ಸಾಲೇ ನನ್ನನ್ನ ತಿಂದಿದ್ದು," ಎಂದು ನಟಿ ಒಮ್ಮೆ ನಗುತ್ತಲೇ ಹೇಳಿದರು. ದಿನಕ್ಕೆ ನಾಲ್ಕಾರು ಕಡೆ ಹಾಡಿ ಹಾಡಿ ಗಂಟಲಲ್ಲಿ ಗಂಟಾಯಿತು. ಆಪರೇಷನ್ ಆಯಿತು. ಮಾತು ಉಳಿಯಿತು, ಮೇಲಿನ ಸ್ವರ ಹೋಯಿತು. ಇಪ್ಪತ್ತಮೂರು ಇಪ್ಪತ್ತನಾಲ್ಕರ ವಯಸ್ಸಿಗೇ ಪತ್ರಿಕೆಗಳು ಆಕೆಯ ಕತೆ ಮುಗಿಯಿತು ಎಂದು ಬರೆದವು.

"ಊರಿಗೆ ವಾಪಸ್ ಹೋಗಬೇಕು ಅನ್ನಿಸಲಿಲ್ವಾ?" ಎಂದು ಕೇಳಿದ್ದೆ.

"ಹೋದೆ. ಅಪ್ಪನ ಅಂಗಡಿಯಲ್ಲಿ ಕೂದಲು ಗುಡಿಸ್ತಾ ಒಂದು ವರ್ಷ ಇದ್ದೆ. ಆಗ ಒಬ್ಬ ನಿರ್ದೇಶಕರು, ನೂಡಲ್ಸ್ ಅಂಗಡಿ ಹುಡುಗಿ ಪಾತ್ರ ಇದೆ, ನಾಲ್ಕೇ ಮಾತು, ಮಾಡ್ತೀಯಾ ಅಂದ್ರು. ಗುಡಿಸೋದು ಹೇಗೂ ಚೆನ್ನಾಗಿ ಬರ್ತಿತ್ತು."

ಆ ನಾಲ್ಕು ಮಾತು ಮುಂದೆ ನಲವತ್ತು ವರ್ಷದ ನಟನೆಯಾಯಿತು. ಆದರೆ ಅವರು ಆಮೇಲೆ ಎಲ್ಲಿಯೂ ಹಾಡಲಿಲ್ಲ. ಹಳೆಯ ಗಾಯಕರನ್ನು ಕರೆಸುವ ಕಾರ್ಯಕ್ರಮಗಳು ಕರೆದರೂ ಹೋಗಲಿಲ್ಲ.

ನಮ್ಮ ಪಾಠ ಶುರುವಾದ ದಿನವೇ ಎಡವಟ್ಟಾಯಿತು. ಅವರು ಹೇಳಬೇಕಾದ ಮುಖ್ಯ ಮಾತು, "ಮಲಗು ಮಗು, ಅಮ್ಮ ನಾಳೆ ಬರ್ತಾಳೆ." ಜಪಾನಿ ನಾಲಿಗೆಗೆ ಲಕಾರ ಒಗ್ಗದು, ಅದು ರಕಾರವಾಗಿಬಿಡುತ್ತದೆ. ಅವರು ಬಹಳ ಮುದ್ದಾಗಿ "ಮರುಗು ಮಗು" ಎಂದರು.

ನನಗೆ ನಗು ತಡೆಯಲಾಗಲಿಲ್ಲ. "ಹಾಗಂದ್ರೆ ಮಗುವೇ ದುಃಖಪಡು ಅಂತ ಆಗುತ್ತೆ," ಎಂದೆ.

ಅವರು ಬಾಯಿಗೆ ಕೈ ಅಡ್ಡ ಹಿಡಿದು ಕಣ್ಣೀರು ಬರುವಷ್ಟು ನಕ್ಕರು. ಆಮೇಲೆ ನೆಟ್ಟಗೆ ಕುಳಿತು ಮತ್ತೆ ಹೇಳಿದರು. ಮತ್ತೆ ಮರುಗು. ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಬೇಕೆಂದು ನಾನು ಎಷ್ಟು ವಿವರಿಸಿದರೂ ಆಗಲಿಲ್ಲ. ಹೋಂವರ್ಕ್ ಮಾಡುತ್ತಿದ್ದ ಮಗಳು ಎದ್ದು ಬಂದು, "ಚಿಗೌ, ಒಬಾಚಾನ್," ಎಂದಳು: ತಪ್ಪು, ಅಜ್ಜಿ. ಆಮೇಲೆ ಜಪಾನಿಯಲ್ಲಿ, ಅಂಗುಳಿಗೆ ಅಂಟಿದ ಅನ್ನದ ಅಗುಳನ್ನು ನಾಲಿಗೆಯ ತುದಿಯಿಂದ ಬಿಡಿಸಿಕೊಳ್ಳುವ ಹಾಗೆ ಮಾಡು ಎಂದು ತೋರಿಸಿದಳು. ತಾನೇ "ಮಲಗು" ಎಂದಳು. ಅವಳ ಬಾಯಲ್ಲಿ ಅಷ್ಟು ಶುದ್ಧವಾದ ಕನ್ನಡ ಪದವನ್ನು ನಾನು ಕೇಳಿ ಬಹಳ ಕಾಲವಾಗಿತ್ತು.

ಅಂದಿನಿಂದ ಇಬ್ಬರೂ ಸೆನ್ಸೇ ಆದೆವು. ಮಗಳು ನನಗಿಂತ ಕಟ್ಟುನಿಟ್ಟು.

ಒಂದು ಸಂಜೆ ಅವರು ಕೇಳಿದರು: "ನಿಮ್ಮ ತಾಯಿ ನಿಮ್ಮನ್ನ ಮಲಗಿಸುವಾಗ ಏನು ಹೇಳ್ತಿದ್ರು?"

ಅಮ್ಮನಿಗೆ ದೊಡ್ಡ ಹಾಡುಗಳೇನೂ ಬರುತ್ತಿರಲಿಲ್ಲ. ಮೈಸೂರಿನ ನಮ್ಮ ಬಾಡಿಗೆ ಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟು, ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ತಾನೇ ಕಟ್ಟಿದ್ದನ್ನು ಹೇಳುತ್ತಿದ್ದಳು:

ಮಲಗು ಮಲಗೇ ಮಲ್ಲಿಗೆ ಮೊಗ್ಗೇ,
ಹಾಲೂ ಕಾಯಲಿ, ಬೆಕ್ಕೂ ಕಾಯಲಿ.

ಹಾಲು ಕಾಯುವುದು ಬೇರೆ, ಬೆಕ್ಕು ಕಾಯುವುದು ಬೇರೆ, ಪದ ಮಾತ್ರ ಒಂದೇ ಎಂದು ವಿವರಿಸಿದೆ. ಅವರಿಗೆ ಅದು ಬಹಳ ಹಿಡಿಸಿತು. "ಪಾಪದ ಬೆಕ್ಕು," ಎನ್ನುತ್ತ ಇನ್ನೊಮ್ಮೆ ಹೇಳಿಸಿಕೊಂಡರು, ಮತ್ತೊಮ್ಮೆ ಹೇಳಿಸಿಕೊಂಡರು. ಹಾಡಲಿಲ್ಲ, ತುಟಿ ಮಾತ್ರ ಆಡುತ್ತಿತ್ತು.

ಚಿತ್ರೀಕರಣದ ದಿನ ನನ್ನನ್ನೂ ಸ್ಟುಡಿಯೋಗೆ ಕರೆಸಿದರು. ಕ್ಯಾಮೆರಾದ ಪಕ್ಕ ಒಂದು ಮಡಚುವ ಕುರ್ಚಿ ಕೊಟ್ಟರು. ಮಗುವನ್ನು ಮಲಗಿಸುವ ದೃಶ್ಯ. ನಟಿ ಮಾತು ಹೇಳಿದರು, ನಿರ್ದೇಶಕರು "ಓಕೆ" ಎಂದರು, ಲೈಟಿನವರು ವೈರು ಸುತ್ತತೊಡಗಿದರು. ಆದರೆ ನಟಿಯ ಕಣ್ಣು ನನ್ನ ಮೇಲಿತ್ತು. ನನ್ನ ಕಿವಿಗೆ ಕೇಳಿಸಿದ್ದು ಮರುಗು. ಅಷ್ಟು ಜನ, ಅಷ್ಟು ಕೆಲಸ. ಜಪಾನಿನಲ್ಲಿ ಇದು ಎಷ್ಟು ಜನರಿಗೆ ಗೊತ್ತಾದೀತು? ಆದರೂ ಸರಿಯಿಲ್ಲವೆಂದು ತಲೆ ಅಲ್ಲಾಡಿಸಿಬಿಟ್ಟೆ.

ಅವರು ಎದ್ದು ಎಲ್ಲರಿಗೂ ಬಾಗಿದರು. "ಇನ್ನೊಂದು ಸಲ ಅವಕಾಶ ಕೊಡಿ. ಈ ಸಲ ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ಕ್ಯಾಮೆರಾ ನಿಲ್ಲಿಸಬೇಡಿ," ಎಂದರು.

ಈ ಸಲ "ಮಲಗು" ಎಂಬುದು ನಮ್ಮೂರಿನವರ ಬಾಯಿಂದ ಬಂದಂತೆ ಬಂತು. ಮಗು ಕಣ್ಣು ಮುಚ್ಚಲಿಲ್ಲ. ನಟಿ ಅದರ ಬೆನ್ನು ತಟ್ಟುತ್ತ, ಒಡಕು ದನಿಯಲ್ಲಿ, ತೀರಾ ಕೆಳಗಿನ ಸ್ವರದಲ್ಲಿ ಅಮ್ಮನ ಹಾಡನ್ನು ಹಾಡಿದರು. ರಾಗ ನಮ್ಮಮ್ಮನದಲ್ಲ, ಅರ್ಧ ಅವರದೇ. ಆಗ ವೈರು ಸುತ್ತತೊಡಗಿದ್ದವರು ಈಗ ತಲೆಯೆತ್ತಿ ನೋಡುತ್ತ ನಿಂತರು. ಹಾಡು ಮುಗಿದಾಗ ನಿರ್ದೇಶಕರು ಬಹಳ ಮೆತ್ತಗೆ "ಓಕೆ" ಎಂದರು.

ಅದು ಪ್ರಸಾರವಾದ ಸಂಜೆ ಪಕ್ಕದ ಮನೆಯಾಕೆಯನ್ನೂ ಊಟಕ್ಕೆ ಕರೆದಿದ್ದೆ. ಬಿಸಿಬೇಳೆಬಾತಿನ ತಟ್ಟೆ ಕೈಯಲ್ಲೇ ಇತ್ತು. "ಹಾಡಿದ್ರು," ಎಂದು ಅವರು ಪಿಸುಗುಟ್ಟಿದರು. "ಒಕುಸಾನ್, ಅವರು ಹಾಡಿದ್ರು!" ಕಣ್ಣೀರು ಒರೆಸಿಕೊಳ್ಳಲಿಲ್ಲ. ಗಂಡ ವಿಡಿಯೋ ಮಾಡಿ ಮೈಸೂರಿಗೆ ಕಳಿಸಿದರು. ಅಮ್ಮ ಫೋನು ಮಾಡಿ, "ಯಾರೇ ಅದು? ರಾಗ ಕೆಡಿಸಿದಾಳೆ, ಆದ್ರೂ ಚೆನ್ನಾಗಿದೆ," ಎಂದಳು. ಮಗಳು ಫೋನಿಗೆ ಬಾಯಿ ಹಾಕಿ, ಕನ್ನಡದಲ್ಲೇ, "ಅಜ್ಜಿ, ನಾನು ಕಲಿಸಿದ್ದು!" ಎಂದು ಕೂಗಿದಳು.

ಮರುವರ್ಷ ಯೋಕೋಹಾಮಾದ ಒಂದು ಸಣ್ಣ ಸಭಾಂಗಣದಲ್ಲಿ ನಟಿ ಹಾಡಿದರು. ನಾವೆಲ್ಲ ಹೋಗಿದ್ದೆವು, ಪಕ್ಕದ ಮನೆಯಾಕೆ ಲಿಪ್‌ಸ್ಟಿಕ್ ಹಚ್ಚಿಕೊಂಡಿದ್ದರು. ನಟಿ ಸಮುದ್ರತೀರದ ಆ ಹಳೆಯ ಗೀತೆಯನ್ನು ಬಹಳ ಕೆಳಗಿನ ಶ್ರುತಿಯಲ್ಲಿ ಎತ್ತಿಕೊಂಡರು. ದನಿ ಮೇಲೇರುವ ಸಾಲು ಬಂದಾಗ ಅವರು ಮೈಕನ್ನು ಜನರ ಕಡೆ ತಿರುಗಿಸಿದರು. ಅರವತ್ತು ದಾಟಿದ ಹೆಂಗಸರೆಲ್ಲ ಸೇರಿ ಅದನ್ನು ಹಾಡಿದರು. ಯಾರ ಶ್ರುತಿಯೂ ಸರಿಯಿರಲಿಲ್ಲ. ವೇದಿಕೆಯ ಮೇಲೆ ಅವರು ಆ ಗದ್ದಲವನ್ನು ಕಣ್ಮುಚ್ಚಿ, ಹಾಯಾಗಿ ಕೇಳುತ್ತ ನಿಂತಿದ್ದರು.

ಕಾರ್ಯಕ್ರಮದ ನಂತರ ಒಳಗೆ ಹೋಗಿ ಮಾತಾಡಿಸಿದೆವು. ಮುಂದಿನ ಪಾತ್ರ ಉತ್ತರದ ಮೀನುಗಾರರ ಊರಿನ ಮುದುಕಿಯದಂತೆ. "ಅಲ್ಲಿನ ಮಾತು ಕನ್ನಡಕ್ಕಿಂತ ಕಷ್ಟ, ಸೆನ್ಸೇ!" ಎಂದು ಅವರು ಗೋಳಾಡಿದರು. ನನ್ನ ಬೆನ್ನ ಹಿಂದೆ ಅವಿತಂತೆ ನಿಂತಿದ್ದ ಪಕ್ಕದ ಮನೆಯಾಕೆ ಮೆಲ್ಲಗೆ ಕೆಮ್ಮಿದರು. "ನಾನು ಹುಟ್ಟಿದ್ದು ಆ ಕಡೆಯೇ," ಎಂದರು, ನಾಚಿ ಕೆಂಪಾಗಿ.

ಈಗ ನಟಿ ಪಾಠಕ್ಕೆ ಹೋಗುವುದು ಪಕ್ಕದ ಮನೆಗೆ. ಸಂಜೆ ಸೊಪ್ಪು ಸೋಸುತ್ತ ಕೂತರೆ ಗೋಡೆಯಾಚೆ ಇಬ್ಬರೂ ನನಗೆ ಒಂದಕ್ಷರವೂ ತಿಳಿಯದ ಯಾವುದೋ ಮಾತಿಗೆ ಬಿದ್ದು ಬಿದ್ದು ನಗುವುದು ಕೇಳಿಸುತ್ತದೆ.